ಬೀಗದ ಕೈ

ತಗೋ ಔರಿಸ್ತೆಲಾ, ಇದು ಬೀಗದ ಕೈ.
ಎಡಕ್ಕೆ ಒಂದೂವರೆ ಸುತ್ತು, ಆಮೇಲೆ ಬಾಗಿಲನ್ನು
ಮೊಣಕಾಲಿನಿಂದ ಮೆಲ್ಲಗೆ ನೂಕು.
ದೇವರ ಮನೆಗೆ ಮೊಣಕಾಲೂರಿಯೇ ಬರಬೇಕು ಎಂದ ಹಿರಿಯರಿಗೆ
ಈ ಬಾಗಿಲಿನ ಪರಿಚಯ ಇತ್ತೇನೋ.

ಪಾದ್ರಿಯವರು ವರ್ಷಕ್ಕೆ ಎರಡು ಸಲ ಬರುತ್ತಾರೆ,
ಚಿಲೋಯೆಯ ಕಡಲು ಕೈ ಕೊಡದಿದ್ದರೆ.
ಉಳಿದ ಮುನ್ನೂರ ಅರವತ್ತಮೂರು ದಿನ
ಹುಟ್ಟಿದ ಕೂಸಿಗೆ ನೀರು, ಸತ್ತವರಿಗೆ ಜಪ,
ನಡುವೆ ಜಗಳವಾಡುವವರಿಗೆ ಒಂದು ಕುರ್ಚಿ:
ಎಲ್ಲಕ್ಕೂ ಫಿಸ್ಕಲ್ ಎಲ್ಲಿ ಅನ್ನುತ್ತಾರೆ.
ಇನ್ನು ಮೇಲೆ ಅದು ನೀನು.

ಹೆದರಬೇಡ ಅಂತ ಹೇಳುವುದಿಲ್ಲ.
ಮೊದಲ ಶವದ ಮುಂದೆ ಜಪಸರ ಹಿಡಿದು ನಿಂತಾಗ
ನನಗೂ ಹೊಟ್ಟೆ ಕಲಸಿತ್ತು. ಲೆಕ್ಕ ತಪ್ಪಿ
ಹತ್ತರ ಜಾಗದಲ್ಲಿ ಹದಿಮೂರು ನಮೋ ಮರಿಯಾ ಹೇಳಿಬಿಟ್ಟೆ.
ವಿಧವೆ ಎರ್ಸಿರಾ ಮೂಗೊರೆಸಿಕೊಂಡು ಅಂದಳು:
'ಮೂರು ಹೆಚ್ಚಾಯಿತು. ಇರಲಿ, ಅವನಿಗೆ ಬೇಕಾಗಿತ್ತು.'

ಹೆಂಗಸಿನ ಕೈಗೆ ಬೀಗದ ಕೈಯೇ, ಎಂದು ಗೊಣಗುವವರಿದ್ದಾರೆ.
ಅವರ ಮನೆಯ ಹೆಣಗಳನ್ನು ತೊಳೆದದ್ದು ಯಾರ ಕೈ ಎಂದು
ನೀನು ನೆನಪಿಸಬೇಡ.
ಕೊಡ ಹೊತ್ತು ಎದುರಿಗೆ ಹಾದು ಹೋಗು, ಸಾಕು.

ಬೆನಿಗ್ನೊ ಎಲ್ಲಕ್ಕೂ ತಕರಾರು ತೆಗೆಯುತ್ತಾನೆ.
ಛಾವಣಿಯ ಹಲಗೆ ಬದಲಿಸುವ ದಿನ
ಏಣಿ ಹಿಡಿಯುವ ಕೆಲಸ ಅವನಿಗೇ ಕೊಡು.
ಮೇಲಿದ್ದವನನ್ನು ಬಾಯ್ತುಂಬ ಬೈಯುತ್ತಾನೆ,
ಏಣಿ ಮಾತ್ರ ಬಿಡುವುದಿಲ್ಲ.

ಸ್ವಲ್ಪ ಬಿಸಿನೀರು ಹಾಕು, ಮಾತೆ ಆರಿತು.
ಇದನ್ನು ಪಾದ್ರಿಯವರಿಗೂ ಹೇಳಿಲ್ಲ.

ಒಂದು ಚಳಿಗಾಲ ನಮ್ಮ ಸಂತ ಮಿಗೇಲನ ರೆಕ್ಕೆ ಮುರಿಯಿತು.
ಹಬ್ಬ ಹತ್ತಿರ. ಹದಿನೆಂಟು ರಾತ್ರಿ ಕೂತು
ಸೈಪ್ರೆಸ್ ಮರದಲ್ಲಿ ಹೊಸ ರೆಕ್ಕೆ ಕೆತ್ತಿದೆ,
ಒಂದೊಂದು ಗರಿಯನ್ನೂ ಬಿಡದೆ.
ಕಿಟಕಿಯಾಚೆ ಅಬ್ದೋನ್ ಚಿಗುವಾಯ್ ಮನೆಯಿಂದ
ಹೊಗೆ ಏಳುತ್ತಿರಲಿಲ್ಲ.
ಕಂಡಿದ್ದೆ.
ಈ ಗರಿ ಮುಗಿಯಲಿ, ನಾಳೆ ಹೋಗುತ್ತೇನೆ ಅಂದುಕೊಂಡೆ.
ರೆಕ್ಕೆ ಚೆನ್ನಾಗಿ ಬಂತು.
ಪಕ್ಕದ ದ್ವೀಪದವರೂ ಮುಟ್ಟಿ ಮುಟ್ಟಿ ಹೊಗಳಿದರು.
ಅಷ್ಟರಲ್ಲಿ ಅಬ್ದೋನನನ್ನು ಮಣ್ಣು ಮಾಡಿ ನಾಲ್ಕು ದಿನ.

ಇಂದಿಗೂ ಆ ರೆಕ್ಕೆಯ ಧೂಳನ್ನು ನಾನು ಒರೆಸುವುದಿಲ್ಲ,
ಬೇರೆ ಯಾರಾದರೂ ಒರೆಸಲಿ ಎಂದು ಬಿಡುತ್ತೇನೆ.
ಆದ್ದರಿಂದ ಔರಿಸ್ತೆಲಾ, ಬೆಳಗ್ಗೆ ಗುಡ್ಡದ ಮೇಲೆ ನಿಂತು
ಮೊದಲು ಹೊಗೆ ಎಣಿಸು, ಆಮೇಲೆ ಗಂಟೆ ಹೊಡೆ.
ನಮ್ಮಲ್ಲಿ ಮೂವತ್ತೊಂದು ಒಲೆ.
ಮೂವತ್ತಾದರೆ ಜಪ ಕಾಯಲಿ.

ಗಂಟೆ ಅಂದೆನಲ್ಲ, ಹುಡುಗ ಲಿಸಾಂದ್ರೊಗೆ ಹಗ್ಗ ಕೊಡು.
ತಪ್ಪು ತಪ್ಪಾಗಿ ಹೊಡೆಯುತ್ತಾನೆ, ಹೊಡೆಯಲಿ.
ನಾನು ಯಾರಿಗೂ ಬಿಟ್ಟುಕೊಡಲಿಲ್ಲ,
ಇಪ್ಪತ್ತೇಳು ವರ್ಷ ಒಬ್ಬನೇ ಎಳೆದೆ.
ಅದನ್ನು ನಿಷ್ಠೆ ಅಂದುಕೊಂಡಿದ್ದೆ. ನನ್ನ ಭುಜ ನೋಡು,
ಅದು ಬೇರೆ ಹೆಸರು ಹೇಳುತ್ತದೆ.

ಕೆಲವು ಭಾನುವಾರ ನಂಬಿಕೆಯೂ ಬರುವುದಿಲ್ಲ,
ಗಾಳಿಯ ದಿನ ದೋಣಿ ಬಾರದ ಹಾಗೆ.
ಬಂದಂತೆ ನಟಿಸಬೇಡ.
ನೆಲ ಗುಡಿಸು, ಮೇಣದಬತ್ತಿಯ ತುಂಡು ಕೂಡಿಸು,
ಮುದುಕಿ ಓತಿಲಿಯಾಳ ಪಕ್ಕ ಬೆಂಚಿನಲ್ಲಿ ಕೂರು.
ಅವಳು ಹೇಳುವ ಜಪಕ್ಕೆ ಆಮೆನ್ ಅಂದರೆ
ಆ ವಾರಕ್ಕೆ ಅದು ನಡೆಯುತ್ತದೆ.

ಇನ್ನೂ ಏನೋ ಹೇಳಬೇಕಿತ್ತು. ಮರೆತೆ.
ಹಾಂ, ಮಳೆಗಾಲದಲ್ಲಿ ಬೀಗಕ್ಕೆ ಕುರಿಕೊಬ್ಬು ಸವರು.

ಹಿಡಿ ಅಂದೆನಲ್ಲ, ಯಾಕೆ ಸುಮ್ಮನೆ ನಿಂತೆ?
ಓ.
ನನ್ನ ಬೆರಳು ಇನ್ನೂ ಬಿಟ್ಟಿಲ್ಲ.
ಎಳೆದುಕೋ ಮಗಳೇ,
ಸ್ವಲ್ಪ ಜೋರಾಗಿಯೇ ಎಳೆದುಕೋ.